ಟೆಂಡರ್‌ನಿಂದ ಕೊನೆಯ ಬಿಲ್‌ವರೆಗೆ: ಸರ್ಕಾರಿ ಖರೀದಿಯ ಮೇಲೆ ಕಣ್ಣಿಡುವುದು ಹೇಗೆ?

ಟೆಂಡರ್ ತೆರೆಯುವ ದಿನ ಎಲ್ಲರ ಕಣ್ಣೂ ಆ ಕೋಣೆಯ ಮೇಲಿರುತ್ತದೆ. ಯಾರು ಎಷ್ಟು ದರ ಹಾಕಿದರು, ಯಾರದು ಅತಿ ಕಡಿಮೆ, ಯಾರಿಗೆ ಕೆಲಸ ದಕ್ಕಿತು ಎಂಬುದೇ ಸುದ್ದಿ. ಆದರೆ ಅಕ್ರಮ ನಡೆಯುವುದು ಬಹುಪಾಲು ಆ ದಿನವಲ್ಲ. ಒಂದೋ ಅದು ತಿಂಗಳುಗಳ ಮುಂಚೆಯೇ ಷರತ್ತು ಬರೆಯುವವರ ಮೇಜಿನ ಮೇಲೆ ಮುಗಿದುಹೋಗಿರುತ್ತದೆ, ಇಲ್ಲವೇ ಗುತ್ತಿಗೆಗೆ ಸಹಿ ಬಿದ್ದ ಮೇಲೆ, ಮಾಡಿದ ಕೆಲಸದ ಅಳತೆಗಳನ್ನು ಬರೆದಿಡುವ, ಯಾರೂ ತಿರುವಿ ನೋಡದ ಅಳತೆ ಪುಸ್ತಕದಲ್ಲಿ ಮೊದಲಾಗುತ್ತದೆ. ಆದ್ದರಿಂದ ಈ ಮಾರ್ಗದರ್ಶಿಯ ಹೆಚ್ಚಿನ ಭಾಗ ಆ ಎರಡು ತುದಿಗಳಿಗೇ ಮೀಸಲು.

ಮೊತ್ತ ಸಣ್ಣದಲ್ಲ. ಬಹುತೇಕ ಶ್ರೀಮಂತ ದೇಶಗಳ ಕೂಟವಾದ ಒಇಸಿಡಿಯ ಸದಸ್ಯ ದೇಶಗಳಲ್ಲಿ ಸರ್ಕಾರಿ ಖರೀದಿಯು ಒಟ್ಟು ದೇಶೀಯ ಉತ್ಪನ್ನದ ಸುಮಾರು 12 ಪ್ರತಿಶತದಷ್ಟಿದೆ. ಆಸ್ಪತ್ರೆಯ ಔಷಧ, ಶಾಲೆಯ ಪುಸ್ತಕ, ಸೇತುವೆ, ನೀರಿನ ಕೊಳವೆ ಎಲ್ಲವೂ ಅದರೊಳಗಿವೆ. ಇಲ್ಲಿ ಸೋರಿದ ಹಣ ಎಂದರೆ ಬರದೇ ಉಳಿದ ಔಷಧ, ಮೊದಲ ಮಳೆಗೇ ಕಿತ್ತುಹೋದ ರಸ್ತೆ. ಇದನ್ನು ಗಮನಿಸಲು ಎಂಜಿನಿಯರಿಂಗ್ ಪದವಿ ಬೇಕಿಲ್ಲ. ಬೇಕಾದದ್ದು ತಾಳ್ಮೆ, ಒಂದು ಕಡತ, ಕೂಡಿಸಿ ಕಳೆಯಲು ಬರುವ ಇಬ್ಬರು ಮೂವರು ಜೊತೆಗಾರರು.

ಮೊದಲು ಒಂದೇ ಒಂದು ಗುತ್ತಿಗೆಯನ್ನು ಹಿಡಿಯಿರಿ

ಹೊಸದಾಗಿ ಈ ಕೆಲಸಕ್ಕೆ ಇಳಿಯುವವರು ಮಾಡುವ ತಪ್ಪು, ಇಡೀ ಇಲಾಖೆಯನ್ನು ಒಮ್ಮೆಗೇ ಬಯಲಿಗೆಳೆಯಲು ಹೊರಡುವುದು. ಆರು ತಿಂಗಳಲ್ಲಿ ಕಾಗದದ ರಾಶಿ ಬೆಳೆಯುತ್ತದೆ, ಉತ್ಸಾಹ ಕರಗುತ್ತದೆ. ಬದಲಿಗೆ ಒಂದು ಗುತ್ತಿಗೆಯನ್ನು ಆರಿಸಿಕೊಂಡು ಹುಟ್ಟಿನಿಂದ ಕೊನೆಯ ಪಾವತಿಯವರೆಗೆ ಬೆನ್ನು ಹತ್ತಿ.

ಆರಿಸುವಾಗ ಮೂರು ಸಂಗತಿ ನೋಡುತ್ತೇನೆ. ಫಲಿತಾಂಶವನ್ನು ಕಣ್ಣಾರೆ ಕಂಡು ಎಣಿಸಲು ಅಥವಾ ಅಳೆಯಲು ಸಾಧ್ಯವೇ? ಅದರಿಂದ ನೇರವಾಗಿ ಬಾಧಿತರಾಗುವ ಜನರು ಇದ್ದಾರೆಯೇ? ಕೆಲಸ ಇನ್ನೂ ನಡೆಯುತ್ತಿದೆಯೇ? ಮೂರನೆಯದು ಬಹಳ ಮುಖ್ಯ. ಮುಗಿದ ಕಾಮಗಾರಿಯ ಬಗ್ಗೆ ದೂರಷ್ಟೇ ಕೊಡಬಹುದು. ನಡೆಯುತ್ತಿರುವ ಕಾಮಗಾರಿಯನ್ನು ಸರಿದಾರಿಗೆ ತರಬಹುದು. ಸಲಹಾ ಸೇವೆ, ತಂತ್ರಾಂಶ ಅಭಿವೃದ್ಧಿಯಂಥ ಗುತ್ತಿಗೆಗಳನ್ನು ಮೊದಲ ಯತ್ನಕ್ಕೆ ಬಿಟ್ಟುಬಿಡಿ. ಅಲ್ಲಿ ಏನು ಕೊಟ್ಟರು ಎಂದು ತೋರಿಸುವುದೇ ಕಷ್ಟ.

ಕಡತ ಕಟ್ಟುವುದು

ಅನುಮಾನದಿಂದ ಆರಂಭಿಸಬೇಡಿ, ದಾಖಲೆಯಿಂದ ಆರಂಭಿಸಿ. ಒಂದು ಗುತ್ತಿಗೆಗೆ ಕನಿಷ್ಠ ಇಷ್ಟು ಬೇಕು: ಅನುಮೋದಿತ ಅಂದಾಜು ಪಟ್ಟಿ, ಟೆಂಡರ್ ಪ್ರಕಟಣೆ ಮತ್ತು ಅದಕ್ಕೆ ಮಾಡಿದ ತಿದ್ದುಪಡಿಗಳು, ಬಿಡ್‌ದಾರರು ಕೇಳಿದ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳು, ಮೌಲ್ಯಮಾಪನ ಸಮಿತಿಯ ವರದಿ, ಸಹಿಯಾದ ಒಪ್ಪಂದ ಮತ್ತು ಅದರ ಅನುಬಂಧಗಳು, ಕಾರ್ಯಾದೇಶ, ಆಮೇಲಿನ ಬದಲಾವಣೆ ಆದೇಶಗಳು, ಅಳತೆ ಪುಸ್ತಕ ಅಥವಾ ಸರಕು ಸ್ವೀಕೃತಿ ಪತ್ರ, ಗುಣಮಟ್ಟ ಪರೀಕ್ಷಾ ವರದಿ, ಪಾವತಿಯಾದ ಬಿಲ್‌ಗಳು. ಒಪ್ಪಂದ ಸಿಕ್ಕಿತೆಂದು ಖುಷಿಪಟ್ಟು ಅನುಬಂಧಗಳನ್ನು ಕೇಳದೆ ಬರುವವರಿದ್ದಾರೆ. ದರ, ಪ್ರಮಾಣ, ಗುಣಮಟ್ಟದ ವಿವರ ಇರುವುದು ಅನುಬಂಧದಲ್ಲೇ.

ಇವುಗಳಲ್ಲಿ ಎಷ್ಟು ತಾವಾಗಿಯೇ ಸಿಗುತ್ತವೆ ಎಂಬುದು ದೇಶದಿಂದ ದೇಶಕ್ಕೆ ಬೇರೆ. ಸ್ಲೊವಾಕಿಯಾ 2011ರಲ್ಲಿ ತಂದ ನಿಯಮ ನನಗೆ ಅತ್ಯಂತ ಇಷ್ಟವಾದದ್ದು: ಸರ್ಕಾರಿ ಒಪ್ಪಂದವು ಅಂತರ್ಜಾಲದಲ್ಲಿ ಪ್ರಕಟವಾಗುವವರೆಗೆ ಜಾರಿಗೇ ಬರುವುದಿಲ್ಲ, ಮೂರು ತಿಂಗಳೊಳಗೆ ಪ್ರಕಟಿಸದಿದ್ದರೆ ಒಪ್ಪಂದವೇ ಆಗಿಲ್ಲವೆಂದು ಲೆಕ್ಕ. ಅಧಿಕಾರಿಯ ಒಳ್ಳೆಯತನವನ್ನು ನೆಚ್ಚಿಕೊಳ್ಳದ ನಿಯಮ ಎಂದರೆ ಇದು. ಪ್ರಕಟಿಸದಿದ್ದರೆ ಗುತ್ತಿಗೆದಾರನಿಗೇ ಹಣ ಬರುವುದಿಲ್ಲವಾದ್ದರಿಂದ ಅವನೇ ಕಚೇರಿಯ ಬೆನ್ನು ಹತ್ತುತ್ತಾನೆ. ಉಕ್ರೇನ್‌ನಲ್ಲಿ 2016ರಿಂದ ಕಡ್ಡಾಯವಾದ ಪ್ರೊಜೊರೊ ಎಂಬ ಇ-ಖರೀದಿ ವ್ಯವಸ್ಥೆಯಲ್ಲಿ ಹರಾಜು ಮುಗಿದ ಮೇಲೆ ಸೋತವರ ದರಗಳನ್ನೂ ಯಾರು ಬೇಕಾದರೂ ನೋಡಬಹುದು. ಅದರ ಜೊತೆಗೇ ಹುಟ್ಟಿದ ಡೊಜೊರೊ ಎಂಬ ವೇದಿಕೆಯಲ್ಲಿ ನಾಗರಿಕರೂ ಪೂರೈಕೆದಾರರೂ ನಿರ್ದಿಷ್ಟ ಟೆಂಡರ್‌ನ ಮೇಲೆ ತಮ್ಮ ಆಕ್ಷೇಪ ದಾಖಲಿಸುತ್ತಾರೆ.

ಪ್ರಕಟವಾಗದ ದಾಖಲೆಯನ್ನು ಮಾಹಿತಿ ಹಕ್ಕಿನ ಕಾನೂನಿನಡಿ ಕೇಳಬೇಕು. ಅರ್ಜಿಯಲ್ಲಿ ‘ಈ ಕಾಮಗಾರಿಯಲ್ಲಿ ಅಕ್ರಮ ಏಕೆ ನಡೆದಿದೆ?’ ಎಂದು ಬರೆದರೆ ಉತ್ತರ ಬರುವುದಿಲ್ಲ. ‘ಇಂಥ ಸಂಖ್ಯೆಯ ಗುತ್ತಿಗೆಯ ಅಳತೆ ಪುಸ್ತಕದ ಎಲ್ಲ ಪುಟಗಳ ದೃಢೀಕೃತ ಪ್ರತಿ’ ಎಂದು ಬರೆದರೆ ಜಾರಿಕೊಳ್ಳಲು ಜಾಗ ಕಡಿಮೆ. ಕಾರಣ ಕೇಳಬೇಡಿ, ಕಾಗದ ಕೇಳಿ. ಕೆಲವು ದೇಶಗಳ ಕಾನೂನು ಕಾಗದಕ್ಕಿಂತ ಮುಂದೆ ಹೋಗುತ್ತದೆ; ಭಾರತದ 2005ರ ಕಾಯ್ದೆಯಲ್ಲಿ ಕಾಮಗಾರಿಯನ್ನು ಪರಿಶೀಲಿಸುವ, ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕೂ ಸೇರಿದೆ. ‘ವಾಣಿಜ್ಯ ರಹಸ್ಯ’ ಎಂಬ ನೆಪದಲ್ಲಿ ಇಡೀ ಒಪ್ಪಂದವನ್ನು ತಡೆಹಿಡಿದರೆ, ರಹಸ್ಯವೆನ್ನುವ ಸಾಲುಗಳನ್ನು ಮಾತ್ರ ಮುಚ್ಚಿ ಉಳಿದದ್ದನ್ನು ಕೊಡುವಂತೆ ಮೇಲ್ಮನವಿ ಸಲ್ಲಿಸಿ.

ದಾಖಲೆಗಳು ಬಂದಂತೆ ದಿನಾಂಕದ ಪ್ರಕಾರ ಒಂದು ಕಾಲಾನುಕ್ರಮಣಿಕೆ ಬರೆಯುತ್ತಾ ಹೋಗಿ. ಎಡಗಡೆ ದಿನಾಂಕ, ನಡುವೆ ಏನಾಯಿತು, ಬಲಗಡೆ ದಾಖಲೆಯ ಪುಟ ಸಂಖ್ಯೆ. ಕಾರ್ಯಾದೇಶಕ್ಕೆ ಮುಂಚೆಯೇ ನಮೂದಾದ ಅಳತೆ, ಬಿಡ್ ಸಲ್ಲಿಕೆಯ ಗಡುವು ಮುಗಿದ ಮೇಲೆ ಪಡೆದ, ಬಿಡ್ ಜೊತೆಗೇ ಇಡಬೇಕಿದ್ದ ಬ್ಯಾಂಕ್ ಖಾತರಿ ಮೊದಲಾದವು ಈ ಒಂದು ಹಾಳೆಯಲ್ಲೇ ಸಿಕ್ಕಿಬೀಳುತ್ತವೆ.

ಟೆಂಡರ್‌ಗೆ ಮುಂಚೆ: ಷರತ್ತಿನೊಳಗೆ ಅಡಗಿದ ಹೆಸರು

ಒಬ್ಬನಿಗೇ ಒಪ್ಪುವಂತೆ ಅಂಗಿ ಹೊಲಿದು, ಆಮೇಲೆ ‘ಯಾರಿಗೆ ಒಪ್ಪುತ್ತದೋ ಅವರೇ ತೊಟ್ಟುಕೊಳ್ಳಿ’ ಎಂದರೆ ಅದನ್ನು ಸ್ಪರ್ಧೆ ಎನ್ನಲಾಗದು. ತಾಂತ್ರಿಕ ವಿವರಣೆ ಓದುವಾಗ ಪ್ರತಿ ಷರತ್ತಿಗೂ ಒಂದೇ ಪ್ರಶ್ನೆ ಹಾಕಿ: ಇದು ಕೆಲಸಕ್ಕೆ ಬೇಕೇ, ಅಥವಾ ಒಬ್ಬ ಪೂರೈಕೆದಾರನಿಗೆ ಬೇಕೇ? ಉಪಕರಣದ ಉದ್ದ ಅಗಲವನ್ನು ಮಿಲಿಮೀಟರ್ ಲೆಕ್ಕದಲ್ಲಿ ಹೇಳಿ, ಅದು ಒಂದೇ ಕಂಪನಿಯ ಕೈಪಿಡಿಯ ಅಳತೆಗೆ ಸರಿಹೊಂದಿದರೆ ನಿಲ್ಲಿ. ಸಣ್ಣ ಕಟ್ಟಡದ ದುರಸ್ತಿಗೆ ಅದರ ಹತ್ತು ಪಟ್ಟು ವಾರ್ಷಿಕ ವಹಿವಾಟು ಕೇಳಿದ್ದರೆ ನಿಲ್ಲಿ. ಟೆಂಡರ್ ಸಲ್ಲಿಸಲು ಕೊಟ್ಟ ಕಾಲಾವಕಾಶ ಸಾಲುಸಾಲು ರಜೆಯ ನಡುವೆ ಬಂದಿದ್ದರೆ ಅದನ್ನೂ ಗುರುತು ಹಾಕಿಕೊಳ್ಳಿ. ಮೊದಲೇ ಸುಳಿವು ಸಿಕ್ಕವನಿಗಷ್ಟೇ ಆ ಅವಧಿ ಸಾಕಾಗುತ್ತದೆ.

ಬಿಡ್‌ದಾರರ ಪ್ರಶ್ನೋತ್ತರ ದಾಖಲೆಯನ್ನು ಜನ ಓದುವುದೇ ಇಲ್ಲ. ನನ್ನ ಮಟ್ಟಿಗೆ ಇದು ಕಡತದ ಅತ್ಯಮೂಲ್ಯ ಹಾಳೆ. ‘ಈ ಷರತ್ತನ್ನು ಒಂದೇ ಕಂಪನಿ ಪೂರೈಸಬಲ್ಲದು, ದಯವಿಟ್ಟು ಸಡಿಲಿಸಿ’ ಎಂದು ನಾಲ್ವರು ಬರೆದಿರುತ್ತಾರೆ. ‘ಟೆಂಡರ್ ಷರತ್ತಿನಂತೆ’ ಎಂದು ನಾಲ್ವರಿಗೂ ಒಂದೇ ಉತ್ತರ ಹೋಗಿರುತ್ತದೆ. ಸ್ಪರ್ಧಿಗಳೇ ನಿಮಗಾಗಿ ತನಿಖೆ ಮಾಡಿಟ್ಟಿದ್ದಾರೆ, ಓದುವವರಿಲ್ಲದೆ ಅದು ಬಿದ್ದಿದೆ.

ಎರಡನೆಯದು ತುಂಡು ಗುತ್ತಿಗೆ. ಇಷ್ಟು ಮೊತ್ತ ಮೀರಿದರೆ ಬಹಿರಂಗ ಟೆಂಡರ್ ಕಡ್ಡಾಯ ಎಂಬ ಮಿತಿ ಎಲ್ಲ ಕಡೆಯೂ ಇರುತ್ತದೆ. ಒಂದೇ ಕೆಲಸವನ್ನು ಆ ಮಿತಿಯ ಕೆಳಗೆ ಬೀಳುವ ಚೂರುಗಳಾಗಿ ಒಡೆದು, ಬೇಕಾದವರಿಗೆ ಹಂಚುವುದು ಹಳೆಯ ಉಪಾಯ. ಒಂದು ಕಚೇರಿಯ ವರ್ಷದ ಎಲ್ಲ ಖರೀದಿ ಆದೇಶಗಳನ್ನು ಮೊತ್ತದ ಪ್ರಕಾರ ಜೋಡಿಸಿ. ಮಿತಿ 100 ಎಂದಿಟ್ಟುಕೊಂಡರೆ, 95ರಿಂದ 99ರ ನಡುವೆ ಆದೇಶಗಳು ಗುಂಪುಗೂಡಿ 100ರ ಮೇಲೆ ಖಾಲಿಯಿದ್ದರೆ, ಆ ಗುಂಪಿನ ದಿನಾಂಕ ಮತ್ತು ಪೂರೈಕೆದಾರರನ್ನು ನೋಡಿ.

ತುರ್ತು ಖರೀದಿಯ ವಿಷಯದಲ್ಲಿ ಕೇಳಬೇಕಾದದ್ದು ಇಷ್ಟೇ: ತುರ್ತು ಹುಟ್ಟಿದ್ದು ಯಾವಾಗ? ಪ್ರವಾಹ, ಸಾಂಕ್ರಾಮಿಕ ರೋಗ ಇದ್ದಕ್ಕಿದ್ದಂತೆ ಬರುತ್ತವೆ. ಹಣಕಾಸು ವರ್ಷದ ಕೊನೆ ಇದ್ದಕ್ಕಿದ್ದಂತೆ ಬರುವುದಿಲ್ಲ.

ಬಿಡ್‌ಗಳನ್ನು ಅಕ್ಕಪಕ್ಕ ಇಟ್ಟು ಓದುವುದು

ಐದು ಬಿಡ್ ಬಂದಿವೆ ಎಂದ ಮಾತ್ರಕ್ಕೆ ಐವರು ಸ್ಪರ್ಧಿಸಿದ್ದಾರೆ ಎಂದಲ್ಲ. ಗುತ್ತಿಗೆದಾರರು ಒಳಗೊಳಗೇ ಕೂಡಿಕೊಂಡು ‘ಈ ಸಲ ನಿನ್ನದು, ಮುಂದಿನದು ನನ್ನದು’ ಎಂದು ಹಂಚಿಕೊಳ್ಳುವುದು ಎಷ್ಟು ವ್ಯಾಪಕವೆಂದರೆ, ಜಪಾನಿನಲ್ಲಿ ಅದಕ್ಕೆ ಡಾಂಗೋ ಎಂಬ ಹೆಸರೇ ಬಿದ್ದಿದೆ. ಬ್ರೆಜಿಲ್‌ನ ಸರ್ಕಾರಿ ತೈಲ ಕಂಪನಿ ಪೆಟ್ರೊಬ್ರಾಸ್‌ನ ಗುತ್ತಿಗೆಗಳ ಸುತ್ತ 2014ರಲ್ಲಿ ಆರಂಭವಾದ ತನಿಖೆ ಹೊರಗೆಳೆದದ್ದೂ ನಿರ್ಮಾಣ ಕಂಪನಿಗಳ ಇಂಥದೇ ಕೂಟವನ್ನು.

ಕೂಟವು ತನ್ನ ಗುರುತು ಬಿಟ್ಟುಹೋಗುತ್ತದೆ. ಬೇರೆ ಬೇರೆ ಕಂಪನಿಗಳ ಬಿಡ್‌ಗಳಲ್ಲಿ ಒಂದೇ ಕಾಗುಣಿತ ತಪ್ಪು, ಒಂದೇ ಕೂಡಿಕೆಯ ತಪ್ಪು, ಒಂದೇ ಫೋನ್ ಸಂಖ್ಯೆ ಇವೆಯೇ ನೋಡಿ. ವಿದ್ಯುನ್ಮಾನ ಕಡತವಾದರೆ ಅದರ ಗುಣವಿವರ (ಪ್ರಾಪರ್ಟೀಸ್) ತೆರೆದು, ರಚಿಸಿದವರ ಹೆಸರು ಮತ್ತು ಸಮಯ ನೋಡಿ. ಎದುರಾಳಿಗಳ ಎರಡು ಬಿಡ್ ಒಂದೇ ಗಣಕದಲ್ಲಿ ಹುಟ್ಟಿರುವುದುಂಟು. ಠೇವಣಿಯ ಡಿಡಿಗಳು ಒಂದೇ ಬ್ಯಾಂಕ್ ಶಾಖೆಯಿಂದ ಸಾಲು ಸಂಖ್ಯೆಯಲ್ಲಿ ಬಂದಿದ್ದರೆ ಅದೂ ಗುರುತೇ. ಸೋತವರ ದರಪಟ್ಟಿಯ ಪ್ರತಿ ಸಾಲೂ ಗೆದ್ದವರದಕ್ಕಿಂತ ಸರಿಯಾಗಿ 5 ಪ್ರತಿಶತ ಹೆಚ್ಚಿದ್ದರೆ, ಅದನ್ನು ಯಾರೋ ಒಬ್ಬರೇ ಗುಣಿಸಿ ತುಂಬಿದ್ದಾರೆ. ನಿಜವಾದ ಸ್ಪರ್ಧೆಯಲ್ಲಿ ಒಬ್ಬನಿಗೆ ಮರಳು ಅಗ್ಗ, ಇನ್ನೊಬ್ಬನಿಗೆ ಕಬ್ಬಿಣ ಅಗ್ಗ. ಸಾಲುಗಳು ಏರುಪೇರಾಗಿಯೇ ಇರುತ್ತವೆ.

ಆಮೇಲೆ ಎಲ್ಲಕ್ಕಿಂತ ದೊಡ್ಡ ಗುರುತು: ಸೋತ ಕಂಪನಿ ಕೆಲವೇ ವಾರಗಳಲ್ಲಿ ಗೆದ್ದ ಕಂಪನಿಯ ಉಪಗುತ್ತಿಗೆದಾರನಾಗಿ ಕೆಲಸದ ಸ್ಥಳದಲ್ಲಿ ಕಾಣಿಸಿಕೊಳ್ಳುವುದು. ಸ್ಥಳಕ್ಕೆ ಹೋಗಿ ಲಾರಿಗಳ ಮೇಲಿನ ಹೆಸರು ಓದಿದರೂ ಇದು ತಿಳಿಯುತ್ತದೆ.

ಮೌಲ್ಯಮಾಪನ ವರದಿಯಲ್ಲಿ ಅನರ್ಹಗೊಂಡವರ ಪಟ್ಟಿಯನ್ನು ಗೆದ್ದವರ ಕಡತದೊಂದಿಗೆ ಹೋಲಿಸಿ. ಒಂದು ಪುಟಕ್ಕೆ ಮೊಹರಿಲ್ಲವೆಂದು ಕಡಿಮೆ ದರದವನನ್ನು ಹೊರಗೆ ಹಾಕಿದ ಸಮಿತಿ, ಗೆದ್ದವನ ಅದೇ ಲೋಪವನ್ನು ‘ಆಮೇಲೆ ಸರಿಪಡಿಸಿಕೊಳ್ಳಬಹುದು’ ಎಂದು ಮನ್ನಿಸಿದ್ದರೆ, ನಿಮ್ಮ ಅರ್ಧ ಕೆಲಸ ಮುಗಿಯಿತು.

ಸಹಿ ಬಿದ್ದ ಮೇಲೆ: ಅಸಲಿ ಅಧ್ಯಾಯ

ಪತ್ರಕರ್ತರು ಹೊರಟುಹೋಗಿ, ಸೋತ ಬಿಡ್‌ದಾರರು ಸುಮ್ಮನಾದ ಮೇಲೆ ಒಪ್ಪಂದ ಬದಲಾಗತೊಡಗುತ್ತದೆ. ಇಲ್ಲಿ ನಡೆಯುವ ಒಂದು ಚಾತುರ್ಯವನ್ನು ಅಂಕಿಗಳಲ್ಲೇ ತೋರಿಸುತ್ತೇನೆ.

ಅಂದಾಜಿನಲ್ಲಿ 1000 ಘನ ಮೀಟರ್ ಮಣ್ಣು ಅಗೆತ, 100 ಘನ ಮೀಟರ್ ಬಂಡೆ ಅಗೆತ ಎಂದಿದೆ. ಮೊದಲನೆಯವನು ಮಣ್ಣಿಗೆ 100, ಬಂಡೆಗೆ 400 ದರ ಹಾಕುತ್ತಾನೆ, ಒಟ್ಟು 1,40,000. ಎರಡನೆಯವನು ಮಣ್ಣಿಗೆ 70, ಬಂಡೆಗೆ 600 ಹಾಕುತ್ತಾನೆ, ಒಟ್ಟು 1,30,000. ಕಡಿಮೆ ದರದ ಎರಡನೆಯವನಿಗೇ ಕೆಲಸ, ನಿಯಮಬದ್ಧವಾಗಿಯೇ. ಅಗೆಯಲು ಹೊರಟಾಗ ‘ಬಂಡೆ ಹೆಚ್ಚು ಸಿಕ್ಕಿತು’ ಎಂದು ಪ್ರಮಾಣ ಬದಲಾಗುತ್ತದೆ: ಮಣ್ಣು 500, ಬಂಡೆ 600. ಈಗ ಗೆದ್ದವನ ಬಿಲ್ 3,95,000. ಅದೇ ಪ್ರಮಾಣಕ್ಕೆ ಸೋತವನ ದರದಲ್ಲಿ ಆಗುತ್ತಿದ್ದದ್ದು 2,90,000. ಬಂಡೆ ಹೆಚ್ಚಿದೆ ಎಂಬುದು ಗೆದ್ದವನಿಗೆ ಮೊದಲೇ ತಿಳಿದದ್ದು ಹೇಗೆ? ಅಥವಾ ಬಂಡೆ ನಿಜಕ್ಕೂ ಇತ್ತೇ?

ಇದನ್ನು ಹಿಡಿಯುವ ವಿಧಾನ ಸರಳ. ಕೊನೆಯ ಬಿಲ್‌ನ ಪ್ರಮಾಣಗಳನ್ನು ತೆಗೆದುಕೊಂಡು, ಎಲ್ಲ ಬಿಡ್‌ದಾರರ ದರದಲ್ಲೂ ಮತ್ತೆ ಗುಣಿಸಿ. ಹೊಸ ಲೆಕ್ಕದಲ್ಲಿ ಗೆದ್ದವನು ಎರಡನೆಯ, ಮೂರನೆಯ ಸ್ಥಾನಕ್ಕೆ ಜಾರಿದರೆ, ಯಾವ ಸಾಲಿನಿಂದ ಜಾರಿದನೋ ಆ ಸಾಲಿನ ಬದಲಾವಣೆ ಆದೇಶವನ್ನು ಕೇಳಿ. ಅನುಮೋದಿಸಿದವರು ಯಾರು, ಮಣ್ಣು ಪರೀಕ್ಷೆಯ ವರದಿ ಎಲ್ಲಿ, ಬಂಡೆಯ ಛಾಯಾಚಿತ್ರ ಎಲ್ಲಿ? ಬದಲಾವಣೆ ಆದೇಶಗಳೆಲ್ಲ ಅನುಮಾನಾಸ್ಪದವಲ್ಲ. ನೆಲದೊಳಗೆ ಏನಿದೆ ಎಂದು ಯಾವ ಎಂಜಿನಿಯರೂ ಪೂರ್ತಿ ಹೇಳಲಾರ. ಆದರೆ ಪ್ರತಿ ಬದಲಾವಣೆಯೂ ದುಬಾರಿ ಸಾಲನ್ನು ಹಿಗ್ಗಿಸಿ ಅಗ್ಗದ ಸಾಲನ್ನೇ ಕುಗ್ಗಿಸುತ್ತಿದ್ದರೆ ಅದನ್ನು ಆಕಸ್ಮಿಕವೆಂದು ನಂಬುವುದು ಕಷ್ಟ.

ಇನ್ನು ಸ್ಥಳ ಪರಿಶೀಲನೆ. ಕಾಗದದಲ್ಲಿ ಬರೆದದ್ದು ನೆಲದ ಮೇಲಿದೆಯೇ ಎಂದು ನೋಡುವ ಈ ಕೆಲಸವನ್ನು ಸಾಮಾನ್ಯ ಜನ ಎಷ್ಟು ಚೆನ್ನಾಗಿ ಮಾಡಬಲ್ಲರು ಎಂಬುದಕ್ಕೆ ಫಿಲಿಪ್ಪೀನ್ಸ್ ಸಾಕ್ಷಿ. 2003ರಲ್ಲಿ ಅಲ್ಲಿ ಜಿ-ವಾಚ್ ಎಂಬ ನಾಗರಿಕ ತಂಡವು ಶಿಕ್ಷಣ ಇಲಾಖೆಯ ಸಹಕಾರದಿಂದಲೇ ಪಠ್ಯಪುಸ್ತಕಗಳ ಎಣಿಕೆ ಶುರುಮಾಡಿತು. ಪುಸ್ತಕದ ಲಾರಿ ಯಾವ ಶಾಲೆಗೆ ಯಾವಾಗ ಬರುತ್ತದೆ ಎಂಬ ವೇಳಾಪಟ್ಟಿ ಬಹಿರಂಗವಾಯಿತು. ಸ್ಕೌಟ್ ಮತ್ತು ಗೈಡ್ ಮಕ್ಕಳೂ ನಿಂತು ಪುಸ್ತಕ ಎಣಿಸಿದರು. ಎಷ್ಟು ಬರಬೇಕು ಎಂಬ ಸಂಖ್ಯೆ ಸ್ವೀಕರಿಸುವವರ ಕೈಯಲ್ಲಿದ್ದದ್ದೇ ಆ ಯೋಜನೆಯ ಜೀವಾಳ.

ನೀವೂ ಹಾಗೆಯೇ ಮಾಡಿ. ಒಪ್ಪಂದದ ಪ್ರಮಾಣ ಪಟ್ಟಿಯನ್ನು ಒಂದು ಪುಟಕ್ಕೆ ಇಳಿಸಿ, ನೋಡಿ ಹೇಳಬಹುದಾದ ಅಂಶಗಳನ್ನಷ್ಟೇ ಉಳಿಸಿ: ಎಷ್ಟು ಕಿಟಕಿ, ಎಷ್ಟು ಮೀಟರ್ ಚರಂಡಿ, ಯಾವ ವ್ಯಾಸದ ಕೊಳವೆ. ಇಬ್ಬರು ಬೇರೆ ಬೇರೆಯಾಗಿ ಅಳೆದು, ಆಮೇಲೆ ಹೋಲಿಸಿ. ಛಾಯಾಚಿತ್ರದಲ್ಲಿ ಟೇಪಿನ ಅಂಕಿ ಕಾಣಲಿ, ಸುತ್ತಲಿನ ಗುರುತೂ ಕಾಣಲಿ. ಮುಚ್ಚಿಹೋಗುವ ಭಾಗಗಳನ್ನು, ಅಂದರೆ ಅಡಿಪಾಯ, ಕಬ್ಬಿಣದ ಹೆಣಿಗೆ, ನೆಲದಡಿಯ ಕೊಳವೆಗಳನ್ನು, ಮುಚ್ಚುವ ಮೊದಲೇ ನೋಡಬೇಕು. ಕಾಂಕ್ರೀಟ್ ಸುರಿದ ಮೇಲೆ ನಿಮ್ಮ ಟೇಪಿಗೆ ಅಲ್ಲಿ ಕೆಲಸವಿಲ್ಲ. ಕಾಂಕ್ರೀಟಿನ ಬಲ, ಔಷಧದ ಸತ್ವ ಇವುಗಳ ಬಗ್ಗೆ ನೀವೇ ತೀರ್ಪು ಕೊಡಬೇಡಿ. ಪ್ರಯೋಗಾಲಯದ ವರದಿ ಕೇಳಿ, ಮಾದರಿ ತೆಗೆದ ದಿನಾಂಕ ನೋಡಿ. ಕಾಂಕ್ರೀಟಿನ ಬಲವನ್ನು ರೂಢಿಯಂತೆ 28 ದಿನಗಳ ನಂತರ ಪರೀಕ್ಷಿಸುತ್ತಾರೆ. ಸುರಿದ ಹತ್ತನೆಯ ದಿನವೇ 28 ದಿನದ ಪರೀಕ್ಷಾ ವರದಿ ಕಡತ ಸೇರಿದ್ದರೆ, ಅದು ಸುಳ್ಳು ವರದಿ.

ಕಂಪನಿಯ ಹಿಂದಿರುವ ಮನುಷ್ಯ

ನೋಂದಣಿ ಕಚೇರಿಯ ದಾಖಲೆಯಲ್ಲಿ ಕಂಪನಿ ಹುಟ್ಟಿದ ದಿನಾಂಕ, ನಿರ್ದೇಶಕರು, ವಿಳಾಸ ನೋಡಿ. ಟೆಂಡರ್‌ಗೆ ಎರಡು ತಿಂಗಳು ಮುಂಚೆ ಹುಟ್ಟಿದ ಕಂಪನಿ ಹತ್ತು ವರ್ಷದ ಅನುಭವ ತೋರಿಸಲಾರದು. ನಿಜವಾದ ಮಾಲೀಕರ ಹೆಸರು ಸಾರ್ವಜನಿಕವಾಗಿ ಸಿಗುವ ದೇಶಗಳಲ್ಲಿ ಕೆಲಸ ಹಗುರ. ಬ್ರಿಟನ್ 2016ರಿಂದ ಅಂಥ ನೋಂದಣಿ ಪುಸ್ತಕ ಇಟ್ಟಿದೆ. ಕಪ್ಪುಪಟ್ಟಿಗೆ ಸೇರಿದ ಕಂಪನಿಯ ನಿರ್ದೇಶಕರೇ ಹೊಸ ಹೆಸರಿನಲ್ಲಿ ಮರಳಿದ್ದಾರೆಯೇ ಎಂಬುದನ್ನೂ ಪರಿಶೀಲಿಸಿ. ಬರೀ ಅಡ್ಡಹೆಸರು ಹೊಂದಿತೆಂದು ಸಂಬಂಧ ಕಟ್ಟಬೇಡಿ. ಅದರಿಂದ ನಿರಪರಾಧಿಗಳ ಮಾನ ಹೋಗುತ್ತದೆ, ನಿಮ್ಮ ಮಾತಿನ ಬೆಲೆಯೂ ಹೋಗುತ್ತದೆ.

ಒಂದರಿಂದ ನೂರಕ್ಕೆ

ಎರಡು ಮೂರು ಗುತ್ತಿಗೆಗಳನ್ನು ಪೂರ್ತಿ ನೋಡಿದ ಮೇಲೆ ದತ್ತಾಂಶಕ್ಕೆ ಕೈಹಾಕಿ, ಅದಕ್ಕೂ ಮೊದಲಲ್ಲ. ಐರೋಪ್ಯ ಒಕ್ಕೂಟವು ತನ್ನ ಸದಸ್ಯ ದೇಶಗಳ ಖರೀದಿಯನ್ನು ಅಳೆಯುವ ಸೂಚಕಗಳಲ್ಲಿ ಒಂದು, ಒಬ್ಬನೇ ಬಿಡ್‌ದಾರ ಇದ್ದ ಗುತ್ತಿಗೆಗಳ ಪಾಲು. ನಿಮ್ಮ ಇಲಾಖೆಗೂ ಅದನ್ನು ಲೆಕ್ಕಹಾಕಿ. ಒಂದು ಕಚೇರಿಯಲ್ಲಿ ಅದು ಪಕ್ಕದ ಕಚೇರಿಯ ಮೂರು ಪಟ್ಟಿದ್ದರೆ ಮುಂದೆ ಯಾವ ಕಡತ ತೆರೆಯಬೇಕೆಂದು ತಿಳಿಯುತ್ತದೆ. 2014ರಲ್ಲಿ ಬಂದ ಮುಕ್ತ ಗುತ್ತಿಗೆ ದತ್ತಾಂಶ ಮಾನದಂಡವು ಯೋಜನೆ, ಟೆಂಡರ್, ಆಯ್ಕೆ, ಒಪ್ಪಂದ, ಅನುಷ್ಠಾನ ಎಂಬ ಐದೂ ಹಂತಗಳನ್ನು ಒಂದೇ ಗುರುತಿನ ಸಂಖ್ಯೆಯಿಂದ ಪೋಣಿಸುತ್ತದೆ. ನಿಮ್ಮ ಸರ್ಕಾರ ಅದನ್ನು ಅಳವಡಿಸಿಕೊಳ್ಳದಿದ್ದರೂ ನಿಮ್ಮ ಕೋಷ್ಟಕದಲ್ಲಿ ಆ ಐದು ಕಂಬಸಾಲುಗಳಿರಲಿ.

ಪ್ರಶ್ನೆಯನ್ನು ಆರೋಪವಾಗಿಸಬೇಡಿ

ಹಿಂದೊಮ್ಮೆ ಒಂದು ವೈದ್ಯಕೀಯ ಉಪಕರಣದ ಬಿಡಿಭಾಗದ ಖರೀದಿಯಲ್ಲಿ ಒಂದೇ ಬಿಡ್ ಬಂದದ್ದನ್ನು ಕಂಡು ನಾನು ಅಕ್ರಮವೆಂದೇ ಬರೆದುಬಿಟ್ಟಿದ್ದೆ. ಆ ಉಪಕರಣದ ಬಿಡಿಭಾಗ ತಯಾರಿಸುವ ಕಂಪನಿ ಇರುವುದೇ ಒಂದು. ಅದನ್ನು ಖರೀದಿ ಟಿಪ್ಪಣಿಯ ಎರಡನೆಯ ಪುಟದಲ್ಲಿ ಬರೆದಿದ್ದರು, ನಾನು ಓದಿರಲಿಲ್ಲ. ಪ್ರಾಮಾಣಿಕ ಅಧಿಕಾರಿಯೊಬ್ಬರು ವಾರಗಟ್ಟಲೆ ವಿವರಣೆ ಕೊಡುತ್ತಾ ಓಡಾಡಬೇಕಾಯಿತು. ಅವರಲ್ಲಿ ಕ್ಷಮೆ ಕೇಳಿದೆ. ಅಂದಿನಿಂದ ಪ್ರತಿ ಸಂಶಯದ ಎದುರಿಗೂ ‘ಇದಕ್ಕೆ ನ್ಯಾಯವಾದ ಕಾರಣ ಏನಿರಬಹುದು?’ ಎಂಬ ಸಾಲು ಬರೆದುಕೊಳ್ಳುತ್ತೇನೆ.

ಆದ್ದರಿಂದ ಪ್ರಕಟಿಸುವ ಮೊದಲು ಖರೀದಿ ಮಾಡಿದ ಕಚೇರಿಗೂ ಗುತ್ತಿಗೆದಾರನಿಗೂ ಲಿಖಿತ ಪ್ರಶ್ನೆ ಕಳುಹಿಸಿ, ಉತ್ತರಕ್ಕೆ ಸಮಯ ಕೊಡಿ. ‘ಒಪ್ಪಂದದ ಪ್ರಕಾರ 240 ಮೀಟರ್, ನಮ್ಮ ಅಳತೆಯಲ್ಲಿ 185 ಮೀಟರ್, ಪಾವತಿ 240 ಮೀಟರಿಗೆ. ವ್ಯತ್ಯಾಸಕ್ಕೆ ಕಾರಣ ತಿಳಿಸಿ.’ ಇಷ್ಟು ಸಾಕು. ‘ಲೂಟಿ’, ‘ಕಬಳಿಕೆ’ ಎಂಬ ಪದಗಳಿಲ್ಲದ ಈ ಪತ್ರಕ್ಕೆ ಉತ್ತರಿಸುವುದು ತಪ್ಪು ಮಾಡಿದವರಿಗೆ ಬಲು ಕಷ್ಟ.

ಎಲ್ಲಿಗೆ ಒಯ್ಯಬೇಕು

ದೂರನ್ನು ಸರಿಯಾದ ಬಾಗಿಲಿಗೆ ಹಾಕಬೇಕು. ಟೆಂಡರ್ ಷರತ್ತಿನ ತಕರಾರು ಖರೀದಿ ಮೇಲ್ಮನವಿ ಪ್ರಾಧಿಕಾರಕ್ಕೆ. ಅಲ್ಲಿ ಗಡುವು ಬಹಳ ಚಿಕ್ಕದು, ಕೆಲವೇ ದಿನ. ಗುತ್ತಿಗೆದಾರರ ಕೂಟದ ಸುಳಿವು ಸ್ಪರ್ಧಾ ಆಯೋಗಕ್ಕೆ. ಸುಳ್ಳು ಅಳತೆ, ಹೆಚ್ಚುವರಿ ಪಾವತಿ ಲೆಕ್ಕಪರಿಶೋಧಕರಿಗೆ. ಲಂಚದ ಪುರಾವೆ ಭ್ರಷ್ಟಾಚಾರ ತನಿಖಾ ಸಂಸ್ಥೆಗೆ. ವಿಶ್ವಬ್ಯಾಂಕಿನ ಸಾಲದಿಂದ ನಡೆಯುವ ಯೋಜನೆಯಾದರೆ ಬ್ಯಾಂಕಿಗೆ ತನ್ನದೇ ತನಿಖಾ ವಿಭಾಗವಿದೆ, ತಪ್ಪಿತಸ್ಥ ಕಂಪನಿಯನ್ನು ಅದು ಬಹಿಷ್ಕರಿಸಬಲ್ಲದು. ವಿಶ್ವಸಂಸ್ಥೆಯ 2003ರ ಭ್ರಷ್ಟಾಚಾರ ವಿರೋಧಿ ಒಡಂಬಡಿಕೆಯ 9ನೆಯ ವಿಧಿಯು ಬಹಿರಂಗ ಮಾಹಿತಿ, ಮೊದಲೇ ಗೊತ್ತುಪಡಿಸಿದ ಮಾನದಂಡ, ಪರಿಣಾಮಕಾರಿ ಮೇಲ್ಮನವಿ ವ್ಯವಸ್ಥೆ ಇರಬೇಕೆನ್ನುತ್ತದೆ. ನಿಮ್ಮ ದೇಶ ಅದಕ್ಕೆ ಸೇರಿದ್ದರೆ ಅರ್ಜಿಯಲ್ಲಿ ಉಲ್ಲೇಖಿಸಿ.

ಕಚೇರಿಯ ಬಾಗಿಲುಗಳು ತೆರೆಯದಿದ್ದಾಗ ಜನರ ಮುಂದೆಯೇ ಲೆಕ್ಕ ಓದುವ ದಾರಿಯಿದೆ. ರಾಜಸ್ಥಾನದಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ 1994ರಿಂದ ನಡೆಸಿದ ಜನ ಸುನವಾಯಿಗಳಲ್ಲಿ, ಅಂದರೆ ಸಾರ್ವಜನಿಕ ವಿಚಾರಣೆಗಳಲ್ಲಿ, ಕಾಮಗಾರಿಯ ಹಾಜರಿ ಪಟ್ಟಿ, ಬಿಲ್‌ಗಳನ್ನು ಊರವರ ಎದುರು ಗಟ್ಟಿಯಾಗಿ ಓದಿದರು. ತಾವು ಮಾಡದ ಕೆಲಸಕ್ಕೆ ತಮ್ಮ ಹೆಸರಿನಲ್ಲಿ ಕೂಲಿ ಬರೆದದ್ದನ್ನು ಜನ ಅಲ್ಲೇ ಎದ್ದುನಿಂತು ಹೇಳಿದರು. ಇಂಥ ಸಭೆ ಕರೆಯುವಾಗ ಅಧಿಕಾರಿಗಳನ್ನೂ ಗುತ್ತಿಗೆದಾರನನ್ನೂ ಆಹ್ವಾನಿಸಿ, ಅವರಿಗೆ ಮಾತನಾಡಲು ಅವಕಾಶ ಕೊಡಿ.

ಸುರಕ್ಷತೆಯನ್ನು ಹಗುರವಾಗಿ ಕಾಣಬೇಡಿ. ಸ್ಥಳಕ್ಕೆ ಒಬ್ಬರೇ ಹೋಗಬೇಡಿ. ಕಡತದ ಪ್ರತಿಗಳು ಕನಿಷ್ಠ ಮೂರು ಜಾಗದಲ್ಲಿರಲಿ. ಒಳಗಿನಿಂದ ಮಾಹಿತಿ ಕೊಟ್ಟ ನೌಕರನ ಹೆಸರು ನಿಮ್ಮ ಟಿಪ್ಪಣಿಯಲ್ಲೂ ಬೇಡ. ಅವನು ಕೊಟ್ಟ ದಾಖಲೆಯನ್ನು ಮಾಹಿತಿ ಹಕ್ಕಿನಡಿ ಮತ್ತೊಮ್ಮೆ ಅಧಿಕೃತವಾಗಿ ಪಡೆದು, ಆ ಪ್ರತಿಯನ್ನೇ ಬಳಸಿ. ಅರ್ಜಿಗಳಿಗೆ ಗುಂಪಿನ ಹಲವರು ಸಹಿ ಹಾಕಲಿ.

ದೂರು ಕೊಟ್ಟ ದಿನವೇ ಕಾಲಾನುಕ್ರಮಣಿಕೆಯಲ್ಲಿ ಮೂರು ಹೊಸ ಸಾಲು ಸೇರಿಸಿ: ಸ್ವೀಕೃತಿ ಸಂಖ್ಯೆ, ಉತ್ತರ ಬರಬೇಕಾದ ದಿನಾಂಕ, ಗುತ್ತಿಗೆದಾರನ ಭದ್ರತಾ ಠೇವಣಿ ಬಿಡುಗಡೆಯಾಗುವ ದಿನಾಂಕ. ಮೂರನೆಯದನ್ನು ಮರೆಯಬೇಡಿ. ದೋಷ ಸರಿಪಡಿಸುವ ಅವಧಿ ಮುಗಿದು ಆ ಹಣ ವಾಪಸಾದ ಮೇಲೆ, ಕಿತ್ತ ರಸ್ತೆಯನ್ನು ಅವನ ಖರ್ಚಿನಲ್ಲೇ ಮತ್ತೆ ಹಾಕಿಸುವ ಹಿಡಿತ ಸರ್ಕಾರದ ಕೈಯಿಂದ ಬಹುಮಟ್ಟಿಗೆ ತಪ್ಪಿಹೋಗುತ್ತದೆ. ಅದಕ್ಕೆ ಎರಡು ತಿಂಗಳು ಮುಂಚೆ ಟೇಪು ಹಿಡಿದು ಇನ್ನೊಮ್ಮೆ ಸ್ಥಳಕ್ಕೆ ಹೋಗಿ.